ಕೊಳಗ ಯಾರ ಕೈಯಲ್ಲಿ?

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಯಾರೂ ನಮಗೆ ಕೂರಿಸಿಕೊಂಡು ಕಲಿಸಲಿಲ್ಲ. ಅದು ಮನೆಯ ಗಾಳಿಯಲ್ಲೇ ಇತ್ತು. ಅಮೆರಿಕಕ್ಕೆ ಹೊರಟಾಗ ಎರಡು ಸೂಟ್‌ಕೇಸುಗಳಲ್ಲಿ ಚಟ್ನಿಪುಡಿ, ಪ್ರೆಶರ್ ಕುಕ್ಕರುಗಳ ಜೊತೆ ಅದೂ ಬಂತು. ಕ್ಯಾಲಿಫೋರ್ನಿಯಾದ ಈ ಕೊಲ್ಲಿ ಪ್ರದೇಶದಲ್ಲಿ ನಾಲ್ಕು ಕನ್ನಡ ಕುಟುಂಬಗಳು ಹಬ್ಬದೂಟಕ್ಕೆ ಸೇರಿದರೆ, ಹೋಳಿಗೆ ಮುಗಿಯುವ ಹೊತ್ತಿಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. "ನಾವು ಕಷ್ಟಪಟ್ಟೆವು, ಮೇಲೆ ಬಂದೆವು. ಈಗಿನ ಮಕ್ಕಳಿಗೆ ಆ ಛಲವೇ ಇಲ್ಲ" ಎಂದು ಹಿರಿಯರು. "ನೀವು ದುಡಿದದ್ದಕ್ಕೆ ಮನೆ ಬಂತು, ನಾವು ದುಡಿದರೆ ಬಾಡಿಗೆ ಕಟ್ಟಬಹುದು, ಅಷ್ಟೆ" ಎಂದು ಮಕ್ಕಳು. ಅಲ್ಲಿಗೆ ಮಾತು ಮುರಿದು ಎಲ್ಲರೂ ಕಾಫಿಗೆ ಏಳುತ್ತಾರೆ.

ಇದೇ ಜಗಳ 2023ರ ಅಕ್ಟೋಬರಿನಲ್ಲಿ ಊರೆಲ್ಲ ಕೇಳುವಂತಾಯಿತು. ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್. ಆರ್. ನಾರಾಯಣಮೂರ್ತಿಯವರು ಹೇಳಿದರು. ಮುಂದಿನ ವರ್ಷದ ಜುಲೈನಲ್ಲಿ ಕರ್ನಾಟಕದ ಐಟಿ ಕಚೇರಿಗಳಲ್ಲಿ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದು ನೌಕರರ ಸಂಘ ಬೀದಿಗಿಳಿಯಿತು. ಶಿಡ್ಲಘಟ್ಟದಲ್ಲಿ ಹುಟ್ಟಿ, ಮೈಸೂರಿನ ಎನ್‌ಐಇಯಲ್ಲಿ ಓದಿ, 1981ರಲ್ಲಿ ಹೆಂಡತಿ ಕೊಟ್ಟ 10,000 ರೂಪಾಯಿಯಿಂದ ಕಂಪನಿ ಕಟ್ಟಿದವರ ದುಡಿಮೆಯ ಬಗ್ಗೆ ಯಾರೂ ಅನುಮಾನ ಪಡಬೇಕಾಗಿಲ್ಲ. ಕಂಪನಿಯ ಷೇರುಗಳನ್ನು ನೌಕರರಿಗೂ ಹಂಚಿದ ಭಾರತದ ಮೊದಮೊದಲ ಕಂಪನಿಗಳಲ್ಲಿ ಇನ್ಫೋಸಿಸ್ ಒಂದು ಎನ್ನುವುದನ್ನೂ ಮರೆಯಬಾರದು. ಆದರೆ ಆ ಇಡೀ ಚರ್ಚೆಯಲ್ಲಿ ಗಂಟೆಗಳ ಲೆಕ್ಕ ನಡೆಯಿತೇ ಹೊರತು, ಆ ಹಂಚಿಕೆಯ ಮಾತು ಹೆಚ್ಚು ಕೇಳಿಬರಲಿಲ್ಲ. ಎಷ್ಟು ದುಡಿಯಬೇಕು ಎಂದು ಎಲ್ಲರೂ ಕೇಳಿದರು. ದುಡಿದದ್ದನ್ನು ಅಳೆಯುವವರು ಯಾರು ಎಂದು ಕೇಳಿದವರು ಕಡಿಮೆ.

ನಮ್ಮಲ್ಲಿ ಆ ಪ್ರಶ್ನೆಯನ್ನು ಎಲ್ಲರಿಗಿಂತ ನೇರವಾಗಿ ಕೇಳಿದವರು ಇಂಜಿನಿಯರುಗಳಲ್ಲ, ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯ ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರ ಜನ. ಮಲೆನಾಡಿನ ಮಳೆಯಲ್ಲಿ ಸೊಂಟ ಬಗ್ಗಿಸಿ ನೆಟ್ಟು, ಕಳೆ ಕಿತ್ತು, ಕೊಯ್ದು, ಒಕ್ಕಿ, ಗೇಣಿಯ ಭತ್ತವನ್ನು ಒಡೆಯರ ಮನೆಗೆ ಹೊತ್ತು ಹಾಕುವುದು ಅವರ ಬಾಳು. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ಇರಬೇಕಾದ ಅಳತೆಗಿಂತ ದೊಡ್ಡದು ಎಂಬುದು ಅವರ ದೂರಾಗಿತ್ತು. ದುಡಿಮೆ ಅದೇ, ಗದ್ದೆ ಅದೇ, ಮಳೆಯೂ ಅದೇ. ಕೊಳಗ ಒಂದಿಷ್ಟು ಹಿಗ್ಗಿದರೆ ವರ್ಷದ ಊಟದಲ್ಲಿ ಒಂದಿಷ್ಟು ದಿನ ಕಡಿಮೆ. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದರು. ಮಾತು ಬೆಳೆದು ಒಡೆಯರು ಗೇಣಿದಾರರನ್ನು ಜಮೀನಿಗೆ ಇಳಿಯಬೇಡಿ ಎಂದರು. 1951ರ ಏಪ್ರಿಲಿನಲ್ಲಿ ರೈತರು ನೇಗಿಲು ಹೊತ್ತು ಅದೇ ಜಮೀನಿಗೆ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಗೋಪಾಲಗೌಡರು ಮುಂದಾಳುಗಳಾದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸಾಗರದಲ್ಲಿ ಬಂಧಿತರಾದರು.

ಹೋರಾಟ ಆಗಲೇ ಗೆಲ್ಲಲಿಲ್ಲ. ಅದು ಕಾನೂನಾಗಿ ಫಲ ಕೊಟ್ಟದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ. ಗೇಣಿ ಪದ್ಧತಿಯೇ ಹೋಯಿತು. ಗೇಣಿದಾರರು ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ನೆಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅಜ್ಜ ಸೋಮಾರಿಯಾಗಿದ್ದು ಮೊಮ್ಮಗ ಕಷ್ಟಜೀವಿಯಾದದ್ದರಿಂದ ಈ ಬದಲಾವಣೆ ಬರಲಿಲ್ಲ. ದುಡಿಮೆಯಲ್ಲಿ ಅಜ್ಜನೇ ಒಂದು ಕೈ ಮೇಲಿದ್ದಿರಬೇಕು. ಬದಲಾದದ್ದು ಕೊಳಗ.

ಸಾಗರದ ಗದ್ದೆಗಳಿಗೂ ನಾನೀಗ ಇರುವ ಲಾಸ್ ಆಲ್ಟೋಸಿಗೂ ಹೋಲಿಕೆ ಹುಡುಕುವುದು ವಿಚಿತ್ರವೆನ್ನಿಸಬಹುದು. ಇದು ಸುಮಾರು 31,000 ಜನರ ಸಣ್ಣ ಊರು. ಸಾಧಾರಣ ಮನೆಯೂ 40 ಲಕ್ಷ ಡಾಲರಿಗೆ ಕಡಿಮೆ ಸಿಗುವುದು ಕಷ್ಟ. ಆದರೆ ಇದರ ಚರಿತ್ರೆ ಓದುತ್ತ ಹೋದರೆ ಕಾಗೋಡಿನ ಕೊಳಗವೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಊರಿನ ನಡುವೆ, ನಗರಸಭೆ ಮತ್ತು ಗ್ರಂಥಾಲಯದ ಪಕ್ಕದಲ್ಲಿ ಒಂದು ಏಪ್ರಿಕಾಟ್ ತೋಟವಿದೆ. ಗಿಲ್ಬರ್ಟ್ ಸ್ಮಿತ್ ಎಂಬವರು 1901ರಲ್ಲಿ ನೆಟ್ಟ ತೋಟದ ಉಳಿದ ತುಂಡು ಅದು. 1905ರಲ್ಲಿ ಅವರು ಕಟ್ಟಿದ ಮನೆ ಇಂದು ಊರಿನ ಇತಿಹಾಸ ಸಂಗ್ರಹಾಲಯದ ಭಾಗ. ಆಗ ಈ ಸಾಂಟಾ ಕ್ಲಾರಾ ಕಣಿವೆಯೆಂದರೆ ಹಣ್ಣಿನ ಕಣಿವೆ: ಏಪ್ರಿಕಾಟ್, ಪ್ರೂನ್, ಚೆರ್ರಿ. ಸದರ್ನ್ ಪೆಸಿಫಿಕ್ ರೈಲ್ವೆಯ ಪಾಲ್ ಶೂಪ್ ಮತ್ತು ಸಂಗಡಿಗರು 1907ರ ಸುಮಾರಿಗೆ ಇಲ್ಲಿ ನೆಲ ಕೊಂಡು ನಿವೇಶನ ಮಾಡಿದರು, 1908ರಲ್ಲಿ ರೈಲು ಬಂತು. ಬೇಸಿಗೆಯಲ್ಲಿ ಹೆಂಗಸರೂ ಶಾಲೆಯ ಮಕ್ಕಳೂ ಚಪ್ಪರದಡಿ ನಿಂತು ಏಪ್ರಿಕಾಟನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಹೋಳಿನ ಮುಖ ಮೇಲಾಗಿ ಮರದ ಟ್ರೇಗಳಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಅದಕ್ಕೆ ಗಂಧಕದ ಹೊಗೆ ಕೊಟ್ಟು ಬಿಸಿಲಿನಲ್ಲಿ ಒಣಗಿಸಬೇಕು. ಕೂಲಿ ಪೆಟ್ಟಿಗೆಗೆ ಇಷ್ಟು ಎಂದು. ಇಂದಿಗೂ ಇಲ್ಲಿನ ಹಳೆಯ ತಲೆಗಳು ಆ ಬೇಸಿಗೆಗಳನ್ನು ನೆನೆದು, "ನಾವು ಹತ್ತು ವರ್ಷಕ್ಕೇ ದುಡಿದವರು, ಈಗಿನ ಮಕ್ಕಳು ಫೋನು ಬಿಟ್ಟು ಏಳುವುದಿಲ್ಲ" ಎನ್ನುತ್ತಾರೆ. ನಮ್ಮ ಹಬ್ಬದೂಟದ ಮಾತೇ, ಭಾಷೆ ಬೇರೆ.

ಅದೇ ಕಣಿವೆಯಲ್ಲಿ ಅವರಿಗಿಂತ ಹೆಚ್ಚು ದುಡಿದವರೂ ಇದ್ದರು. ಜಪಾನಿನಿಂದ ಬಂದವರು ಸ್ಟ್ರಾಬೆರಿ, ಸೇವಂತಿಗೆ, ತರಕಾರಿ ಬೆಳೆದರು. ಅವರ ಶ್ರಮವನ್ನು ವಿರೋಧಿಗಳೂ ಒಪ್ಪುತ್ತಿದ್ದರು. ವಿರೋಧಕ್ಕೆ ಒಂದು ಕಾರಣವೇ ಆ ಶ್ರಮ! 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು: ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲದ ಪರದೇಶಿಗಳು ಕೃಷಿಭೂಮಿ ಕೊಳ್ಳುವಂತಿಲ್ಲ, ಮೂರು ವರ್ಷಕ್ಕಿಂತ ಹೆಚ್ಚು ಗೇಣಿಗೆ ಪಡೆಯುವಂತಿಲ್ಲ. 1920ರಲ್ಲಿ ಗೇಣಿಯ ಬಾಗಿಲೂ ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಥಿಂಡ್ ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಕ್ಯಾಲಿಫೋರ್ನಿಯಾದಲ್ಲಿ ಬೆಳೆ ತೆಗೆಯುತ್ತಿದ್ದ ಪಂಜಾಬಿ ರೈತರೂ ಅದೇ ಕಾನೂನಿನ ಬಲೆಗೆ ಬಿದ್ದರು. 1942ರಲ್ಲಿ ಜಪಾನಿ ಮೂಲದವರನ್ನು ಮನೆ, ಬೆಳೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಲಾಯಿತು. ಕೈ ಕೆಸರಾಗಿಯೇ ಇತ್ತು. ಮೊಸರು ಬೇರೆಯವರ ಮನೆ ಸೇರಿತು.

ಆ ಭೂ ಕಾನೂನನ್ನು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿದ್ದು 1952ರ ಏಪ್ರಿಲಿನಲ್ಲಿ. ಲಾಸ್ ಆಲ್ಟೋಸ್ ಒಂದು ನಗರವಾಗಿ ನೋಂದಣಿಯಾದದ್ದು ಅದೇ ವರ್ಷದ ಡಿಸೆಂಬರ್ 1ರಂದು. ಅದೇ ವರ್ಷ ಪೂರ್ವ ಸ್ಯಾನ್ ಹೋಸೆಯ ಒಂದು ಬಡ ಕೇರಿಯಲ್ಲಿ, ಹೊಲತೋಟಗಳಲ್ಲಿ ಕೂಲಿ ಮಾಡಿ ಬೆಳೆದ ಸೀಸರ್ ಚಾವೆಜ್ ಸಂಘಟನೆಯ ಕೆಲಸಕ್ಕೆ ಸೇರಿದರು. ಆ ಕೇರಿಯ ಹೆಸರು 'ಸಾಲ್ ಸೀ ಪುಯೆದೆಸ್'. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ 'ಕೈಲಾದರೆ ಹೊರಗೆ ಬಾ' ಎಂದು ಅರ್ಥ. ಒಂದೇ ಕಣಿವೆ, ಒಂದೇ ಹಣ್ಣು. ಇತ್ತ ನಿವೇಶನಗಳಾದವು, ಅತ್ತ ಸಂಘ ಹುಟ್ಟಿತು.

ನಂತರದ ಕಥೆ ನಮಗೆಲ್ಲ ಗೊತ್ತಿರುವುದು. 1956ರಲ್ಲಿ ನಮ್ಮೂರಿನ ಗಡಿಯಾಚೆ, ಮೌಂಟನ್ ವ್ಯೂದ ಸ್ಯಾನ್ ಆಂಟೋನಿಯೋ ರಸ್ತೆಯಲ್ಲಿ ಶಾಕ್ಲಿ ತಮ್ಮ ಸೆಮಿಕಂಡಕ್ಟರ್ ಪ್ರಯೋಗಾಲಯ ತೆರೆದರು. ಅಲ್ಲಿಂದ ಹೊರನಡೆದ ಎಂಟು ಜನ 1957ರಲ್ಲಿ ಫೇರ್‌ಚೈಲ್ಡ್ ಕಟ್ಟಿದರು. ಇದನ್ನು ನಾವು ಗ್ಯಾರೇಜಿನ ಸಾಹಸಗಳ ಕಥೆಯಾಗಿ ಹೇಳುತ್ತೇವೆ. ಆದರೆ ಆ ಮೊದಮೊದಲ ಚಿಪ್ಪುಗಳ ದೊಡ್ಡ ಗಿರಾಕಿ ಸರ್ಕಾರ, ಅಂದರೆ ಕ್ಷಿಪಣಿಗಳ ಮತ್ತು ಚಂದ್ರಯಾನದ ದುಡ್ಡು. ಶೀತಲ ಸಮರದ ತೆರಿಗೆ ಹಣ ಈ ಕಣಿವೆಗೆ ನೀರಿನಂತೆ ಹರಿಯಿತು. ತೋಟ ಕಡಿದ ಜಾಗದಲ್ಲಿ ಒಂದೇ ಅಚ್ಚಿನ ಮನೆಗಳೆದ್ದವು.

ಅಂಥ ಒಂದು ಮನೆಯನ್ನು 1967ರಲ್ಲಿ ಪಾಲ್ ಮತ್ತು ಕ್ಲಾರಾ ಜಾಬ್ಸ್ 21,000 ಡಾಲರಿಗೆ ಕೊಂಡರು. ಪಾಲ್ ಹೈಸ್ಕೂಲು ಮುಗಿಸದ ಯಂತ್ರ ಕೆಲಸಗಾರ, ಕ್ಲಾರಾ ಲೆಕ್ಕಪತ್ರ ಬರೆಯುತ್ತಿದ್ದವರು. ಹಳೆಯ ಶಾಲೆಯಲ್ಲಿ ಮಗ ಕಷ್ಟಪಡುತ್ತಿದ್ದನೆಂದು ಒಳ್ಳೆಯ ಶಾಲೆಯ ಸರಹದ್ದಿನೊಳಗೆ ಬರಲು ಇದ್ದಬದ್ದ ದುಡ್ಡನ್ನೆಲ್ಲ ಒಟ್ಟುಹಾಕಿದರು. ಕ್ರಿಸ್ಟ್ ಡ್ರೈವಿನ ಆ ಮನೆಯನ್ನು ನೋಡಲು ಇಂದಿಗೂ ಜನ ಬರುತ್ತಾರೆ. 2013ರಲ್ಲಿ ನಗರ ಅದನ್ನು ಚಾರಿತ್ರಿಕ ಸ್ವತ್ತೆಂದು ಗುರುತಿಸಿತು. ಫೋಟೋ ತೆಗೆಸಿಕೊಳ್ಳುವವರೆಲ್ಲ ನೋಡುವುದು ಗ್ಯಾರೇಜಿನ ಬಾಗಿಲನ್ನು. ನನಗೆ ಅದಕ್ಕಿಂತ ದೊಡ್ಡ ಪವಾಡವೆನ್ನಿಸುವುದು ಆ ಮನೆಯ ಬೆಲೆ. ಇಂದು ಅಂಥದೇ ಕೆಲಸದ ಗಂಡಹೆಂಡಿರು ಎಷ್ಟೇ ದುಡಿದರೂ ಆ ಬೀದಿಯಲ್ಲಿ ಮನೆ ಕೊಳ್ಳಲಾರರು, ಅವರ ಮಗ ಆ ಶಾಲೆಗೆ ಹೋಗಲಾರ.

ಅದೇ ಗ್ಯಾರೇಜಿನಲ್ಲಿ ಕೊಳಗದ ಇನ್ನೊಂದು ಕಥೆಯಿದೆ. 1976ರ ಬೇಸಿಗೆಯಲ್ಲಿ ಅಲ್ಲಿ ಕೂತು ಮೊದಲ ಆಪಲ್ ಬೋರ್ಡುಗಳನ್ನು ಜೋಡಿಸಿ ಪರೀಕ್ಷಿಸಿದವರಲ್ಲಿ ಜಾಬ್ಸ್ ಅವರ ಗೆಳೆಯ ಡೇನಿಯಲ್ ಕಾಟ್ಕಿ ಒಬ್ಬರು. 1980ರ ಡಿಸೆಂಬರಿನಲ್ಲಿ ಆಪಲ್ ಷೇರು ಮಾರುಕಟ್ಟೆಗೆ ಬಂದಾಗ ಹಲವರು ಒಂದೇ ದಿನದಲ್ಲಿ ಕುಬೇರರಾದರು. ಕಾಟ್ಕಿ ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವ ನೌಕರರಾಗಿದ್ದರಿಂದ ಅವರಿಗೆ ಕಂಪನಿ ಷೇರು ಕೊಟ್ಟಿರಲಿಲ್ಲ. ದುಡಿದ ಜಾಗ ಒಂದೇ, ಕೊಳಗ ಎರಡು. ಆಗ ಸ್ಟೀವ್ ವಾಜ್ನಿಯಾಕ್ ಮಾಡಿದ ಕೆಲಸವನ್ನು ಇಲ್ಲಿನ ಜನ ಇನ್ನೂ ನೆನೆಯುತ್ತಾರೆ. ತಮ್ಮ ಪಾಲಿನ ಷೇರುಗಳಲ್ಲೇ ಒಂದಿಷ್ಟನ್ನು ಹೀಗೆ ಬಿಟ್ಟುಹೋದವರಿಗೂ ಇತರ ನೌಕರರಿಗೂ ಕೊಟ್ಟರು, ಕೆಲವರಿಗೆ ಅಗ್ಗದ ಬೆಲೆಗೆ ಮಾರಿದರು.

ಇದನ್ನು ಓದುವ ಕನ್ನಡಿಗರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಇದು ನಮ್ಮದಲ್ಲ, ಆಸೆ ತಂದದ್ದು, ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳು ಎಂದು ಕಥೆ. ಕಾಯಕವೆಂದರೆ ಬಿಡುವಿಲ್ಲದೆ ದುಡಿಯುವುದು ಎಂದಷ್ಟೇ ನಾವು ಹೇಳಿಕೊಂಡು ಬಂದಿದ್ದೇವೆ. ಕಚೇರಿಯ ಗೋಡೆಗಳ ಮೇಲೆ ಅದನ್ನೇ ತೂಗುಹಾಕುತ್ತೇವೆ. ಶರಣರ ಮನೆಯಲ್ಲಿ ಅದರ ಜೊತೆಗೆ ಎರಡು ಪ್ರಶ್ನೆಗಳಿದ್ದವು: ಎಷ್ಟು ನನ್ನದು? ಉಳಿದದ್ದು ಯಾರಿಗೆ? ದಾಸೋಹವನ್ನು ಬಿಟ್ಟರೆ ಕಾಯಕ ಬರೀ ಗಾಣದೆತ್ತಿನ ಸುತ್ತು.

ಈಗ ನಮ್ಮ ಕಡೆಗೆ ಬರೋಣ. ನಾವು ಇಲ್ಲಿಗೆ ಬಂದದ್ದು ಹೇಗೆ? 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾಗಳನ್ನು ತೆಗೆದುಹಾಕಿ, ಓದಿದವರಿಗೆ ಬಾಗಿಲು ತೆರೆಯಿತು. ಅದಕ್ಕೆ ಮೊದಲು, 1946ರ ಕಾನೂನಿನಡಿ, ಇಡೀ ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು 100 ಜಾಗ. ಆ ಬಾಗಿಲು ತೆರೆದಾಗ ಒಳಗೆ ಬರಲು ತಯಾರಾಗಿ ನಿಂತ ಕನ್ನಡಿಗರಿದ್ದರು. ಅವರನ್ನು ತಯಾರು ಮಾಡಿದ್ದು ಅವರ ಶ್ರಮದ ಜೊತೆಗೆ ಮೂರು ತಲೆಮಾರಿನ ಸಾರ್ವಜನಿಕ ಹಣ: 1916ರ ಮೈಸೂರು ವಿಶ್ವವಿದ್ಯಾನಿಲಯ, ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ತೆರೆಸಿದ ಇಂಜಿನಿಯರಿಂಗ್ ಕಾಲೇಜು, 1960ರ ಸುರತ್ಕಲ್ ಕಾಲೇಜು. ಅವುಗಳಲ್ಲಿ ಕಟ್ಟುತ್ತಿದ್ದ ಶುಲ್ಕ ಇಂದಿನ ಲೆಕ್ಕದಲ್ಲಿ ಶುಲ್ಕವೇ ಅಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತವರ ಹಾಗೆ, ನಾವು ಈಜಿ ಬಂದೆವು ಎನ್ನುತ್ತೇವೆ.

ದೋಣಿಗೆ ಹತ್ತಲು ಎಲ್ಲರಿಗೂ ಜಾಗವಿತ್ತೇ? ಈ ಪ್ರಶ್ನೆಯನ್ನೂ ಮೈಸೂರು ನೂರು ವರ್ಷದ ಹಿಂದೆಯೇ ಕೇಳಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕು ಎಂಬ ನಿಲುವಿನ ವಿಶ್ವೇಶ್ವರಯ್ಯನವರು ಒಪ್ಪದೆ ಅದೇ ವರ್ಷ ದಿವಾನಗಿರಿ ಬಿಟ್ಟರು. ಇಬ್ಬರೂ ನಾಡಿನ ಹಿತ ಬಯಸಿದವರೇ. ಒಬ್ಬರು ದುಡಿಮೆಯನ್ನು ನೋಡಿದರು, ಇನ್ನೊಬ್ಬರು ಕೊಳಗವನ್ನೂ ನೋಡಿದರು. 

1974ರ ಎರಡು ದಡದವರೂ ಇಂದು ಇಲ್ಲಿನ ಕನ್ನಡ ಕೂಟದ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಒಬ್ಬರ ಮನೆಯವರು ಗೇಣಿ ಜಮೀನು ಕಳೆದುಕೊಂಡು, ಇನ್ನು ವಿದ್ಯೆಯೊಂದೇ ಗತಿ ಎಂದು ಮಕ್ಕಳನ್ನು ಬೆಂಗಳೂರಿಗೆ ಕಳಿಸಿದವರು. ಇನ್ನೊಬ್ಬರ ಮನೆಯವರು ಜಮೀನು ಪಡೆದು, ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಮೊದಲ ಸಲ ಮಗನನ್ನು ಹಾಸ್ಟೆಲಿಗೆ ಸೇರಿಸಿದವರು. ಇಬ್ಬರೂ ತಮ್ಮ ಮಕ್ಕಳಿಗೆ ಹೇಳುವುದು ಒಂದೇ ವಾಕ್ಯ: "ನಾವು ಕಷ್ಟಪಟ್ಟು ಓದಿದೆವು." ಎರಡೂ ನಿಜ. ಎರಡರಲ್ಲೂ ಒಂದು ಕಾನೂನು ಬಿಟ್ಟುಹೋಗಿದೆ.

ನನ್ನ ತಲೆಮಾರಿನವರು ಬಂದದ್ದು 1990ರ ಕಾನೂನು ತಂದ ಎಚ್-1ಬಿ ವೀಸಾದ ಮೇಲೆ. ವರ್ಷಕ್ಕೆ 65,000 ಎಂದಿದ್ದ ಮಿತಿ ಶತಮಾನದ ತಿರುವಿನಲ್ಲಿ, ಕಂಪ್ಯೂಟರುಗಳ ವೈ2ಕೆ ಗಾಬರಿಯ ಆಸುಪಾಸಿನಲ್ಲಿ, 1,15,000ಕ್ಕೂ ಆಮೇಲೆ 1,95,000ಕ್ಕೂ ಏರಿತು. ಆಗ ಬಂದವರಿಗೆ ಹಸಿರು ಕಾರ್ಡು ಕೆಲವು ವರ್ಷಗಳಲ್ಲಿ ಸಿಕ್ಕಿತು. ಉದ್ಯೋಗದ ಮೇಲೆ ಕೊಡುವ ಕಾರ್ಡು ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಹೆಚ್ಚೆಂದರೆ ಶೇ. 7 ಎಂಬ ಮಿತಿ ಅಂದಿನಿಂದ ಇಂದಿನವರೆಗೂ ಹಾಗೇ ಇದೆ. ಇಂದು ಬರುವ ಹುಡುಗ ಸರದಿಯಲ್ಲಿ ನಿಂತು ತಲೆ ನರೆಯುವುದನ್ನು ಕಾಯಬೇಕು. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಅವನಿಗಿರುವುದು 60 ದಿನ. ಅವನು ನಮಗಿಂತ ಕಡಿಮೆ ದುಡಿಯುತ್ತಾನೆಯೇ? ನಮ್ಮದೇ ಕಂಪನಿಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಕರೆಗೆ ಕೂರುವವನು ಅವನೇ.

ಹೆಂಗಸರ ಲೆಕ್ಕ ಬೇರೆಯೇ ಇದೆ. ಗಂಡನ ವೀಸಾ ಹಿಡಿದು ಎಚ್-4ನಲ್ಲಿ ಬಂದ ಎಷ್ಟೋ ಇಂಜಿನಿಯರುಗಳನ್ನು, ಉಪನ್ಯಾಸಕಿಯರನ್ನು ನಾನು ಬಲ್ಲೆ. 2015ರ ಮೇ ತಿಂಗಳಲ್ಲಿ ಅವರಲ್ಲಿ ಒಂದು ಪಾಲಿನವರಿಗೆ ಕೆಲಸದ ಅನುಮತಿ ಸಿಗುವವರೆಗೆ ಅವರು ದುಡಿದು ಸಂಬಳ ಪಡೆಯುವುದೇ ಅಪರಾಧವಾಗಿತ್ತು. ಅಡುಗೆ, ಮಕ್ಕಳು, ಕನ್ನಡ ಶಾಲೆಯ ಪಾಠ, ದೇವಸ್ಥಾನದ ಸೇವೆ, ಊರಿಂದ ಬಂದ ಅತ್ತೆ ಮಾವಂದಿರ ಆಸ್ಪತ್ರೆ: ದಿನಕ್ಕೆ 14 ಗಂಟೆಯ ಪ್ರಸ್ತಾವ ಅವರಿಗೆ ಹೊಸದೇನಲ್ಲ. ಆ ದುಡಿಮೆಯನ್ನು ಅಳೆಯಲು ಕೊಳಗವನ್ನೇ ಯಾರೂ ಮಾಡಿರಲಿಲ್ಲ.

ಇನ್ನು ಮನೆ. 1978ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 13 ಎಂಬ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಮನೆಯ ಮೂಲ ತೆರಿಗೆ ಅದರ ನಿಗದಿತ ಮೌಲ್ಯದ ಶೇ. 1. ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಕೈ ಬದಲಾದಾಗ ಮಾತ್ರ ಅದು ಪೇಟೆಯ ಬೆಲೆಗೆ ಜಿಗಿಯುತ್ತದೆ. ತೆರಿಗೆ ಕಟ್ಟಲಾಗದೆ ಮುದುಕರು ಮನೆ ಮಾರಬೇಕಾಗಿ ಬರಬಾರದು ಎಂಬ ಕಾಳಜಿ ಅದರ ಹಿಂದಿತ್ತು. ಆದರೆ ಈಗ ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳಲ್ಲಿ ನಲವತ್ತು ವರ್ಷದ ಹಿಂದೆ ಬಂದವರಿಗಿಂತ ನಿನ್ನೆ ಬಂದವರು ಹತ್ತು ಪಟ್ಟಿಗೂ ಹೆಚ್ಚು ತೆರಿಗೆ ಕಟ್ಟುವುದುಂಟು. ಅದೇ ಶಾಲೆ, ಅದೇ ರಸ್ತೆ. ಮೊದಲು ಬಂದವರಿಗೆ ಸಣ್ಣ ಕೊಳಗ, ಆಮೇಲೆ ಬಂದವರಿಗೆ ದೊಡ್ಡದು.

ಮಕ್ಕಳು ಹೇಳುವುದರಲ್ಲಿ ನಿಜವಿದೆಯೇ ಎಂದು ನೋಡಲು ಅಂಕಿಗಳೂ ಇವೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ತಲೆಮಾರುಗಳ ಗಳಿಕೆಯನ್ನು ಹೋಲಿಸಿದರು. 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ. 90 ಮಂದಿ ತಮ್ಮ ತಂದೆತಾಯಿಗಿಂತ ಹೆಚ್ಚು ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಆ ಪ್ರಮಾಣ ಸುಮಾರು ಶೇ. 50. ನಲವತ್ತು ವರ್ಷದಲ್ಲಿ ಜನ ಅರ್ಧಕ್ಕರ್ಧ ಸೋಮಾರಿಗಳಾದರು ಎಂದು ನಂಬುವವರಿಗೆ ಇದರಲ್ಲಿ ಹೇಳುವುದೇನಿಲ್ಲ. ದೇಶದ ಬೆಳವಣಿಗೆ ನಿಧಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಬೆಳೆದದ್ದು ಹಂಚಿಹೋದ ರೀತಿ ಬದಲಾಯಿತು ಎನ್ನುತ್ತಾರೆ ಅವರು.

ಇದೆಲ್ಲ ಊಟದ ಮೇಲಿನ ವಾದವಾಗಿ ಉಳಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನೆರೆಯ ಪಾಲೋ ಆಲ್ಟೋದಲ್ಲಿ 2009ರಿಂದ ಒಮ್ಮೆ, 2014ರಿಂದ ಇನ್ನೊಮ್ಮೆ, ಹೈಸ್ಕೂಲಿನ ಮಕ್ಕಳು ಒಬ್ಬರ ಹಿಂದೊಬ್ಬರಂತೆ ತಮ್ಮ ಪ್ರಾಣ ತಾವೇ ಕಳೆದುಕೊಂಡರು. 2016ರಲ್ಲಿ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆಯೇ ಬಂದು ಅಧ್ಯಯನ ನಡೆಸಿತು. ಇಂಥ ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು. ಕಾಯಿಲೆಯಿರುತ್ತದೆ, ಒಂಟಿತನವಿರುತ್ತದೆ. ಆದರೆ ಈ ಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಒಂದು ಮಾತನ್ನು ಯೋಚಿಸಬೇಕು. ದುಡಿದರೆ ಸಿಕ್ಕೇ ಸಿಗುತ್ತದೆ ಎಂದು ಕಲಿಸಿದಾಗ ಅದರ ಬೆನ್ನ ಹಿಂದೆ ಇನ್ನೊಂದು ಪಾಠ ತಾನಾಗಿ ಬರುತ್ತದೆ: ಸಿಗದಿದ್ದರೆ ತಪ್ಪು ನಿನ್ನದೇ. ಹದಿನಾರು ವರ್ಷದ ಹೆಗಲಿಗೆ ಅದು ದೊಡ್ಡ ಹೊರೆ. ಕಾಗೋಡಿನ ಗೇಣಿದಾರ ತನ್ನ ಪಾಲು ಕಡಿಮೆಯಾದಾಗ ತನ್ನನ್ನು ಹಳಿದುಕೊಳ್ಳಲಿಲ್ಲ, ಕೊಳಗವನ್ನು ತೋರಿಸಿ ಇದು ಸರಿಯೇ ಎಂದು ಕೇಳಿದ. ಆ ಪ್ರಶ್ನೆ ಅವನನ್ನು ಸೋಮಾರಿಯಾಗಿಸಲಿಲ್ಲ. ಅವನು ನೇಗಿಲು ಹೊತ್ತೇ ಜಮೀನಿಗೆ ಇಳಿದ.

ಹಾಗಾದರೆ ಮಕ್ಕಳಿಗೆ ಏನು ಹೇಳೋಣ? ದುಡಿಮೆ ವ್ಯರ್ಥ ಎಂದಂತೂ ಅಲ್ಲ. ಅದು ಸುಳ್ಳು. ದುಡಿಯದೆ ಬಾಗಿಲು ತೆರೆದಾಗ ಒಳಗೆ ಹೋಗಲು ಆಗುವುದಿಲ್ಲ. ಅದಕ್ಕಿಂತಲೂ, ಒಂದು ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಿದ ಸುಖಕ್ಕೆ ಬೇರೆ ಸಂಬಳ ಬೇಕಿಲ್ಲ. ಆದರೆ ನಮ್ಮ ಕಥೆಯನ್ನು ಪೂರ್ತಿ ಹೇಳೋಣ. ಅಜ್ಜನ ಕೊಳಗ, ಅರಸರ ಕಾನೂನು, ಕಡಿಮೆ ಶುಲ್ಕದ ಕಾಲೇಜು, 1965ರ ಬಾಗಿಲು, ಮನೆ ಕೊಂಡ ವರ್ಷ, ಹಿತ್ತಲ ಬಾಗಿಲಿನಲ್ಲೇ ದುಡಿದ ಅಮ್ಮ, ಇವೆಲ್ಲ ಇರುವ ಕಥೆ. ಜೊತೆಗೆ ಈಗ ನಮ್ಮ ಕೈಯಲ್ಲೂ ಕೊಳಗವಿದೆ ಎನ್ನುವುದನ್ನು ನೆನಪಿಟ್ಟುಕೊಳ್ಳೋಣ. ಷೇರು ಯಾರಿಗೆ ಎಂದು ತೀರ್ಮಾನಿಸುವ ಕೋಣೆಗಳಲ್ಲಿ ನಮ್ಮವರಿದ್ದಾರೆ. ನಮ್ಮ ಬೀದಿಯಲ್ಲಿ ಹೊಸ ಮನೆಗಳು ಏಳಬೇಕೇ ಬೇಡವೇ ಎಂದು ನಗರಸಭೆಯಲ್ಲಿ ಚರ್ಚೆಯಾಗುವಾಗ ಎದ್ದು ನಿಂತು ಮಾತಾಡುವವರಲ್ಲೂ ನಮ್ಮವರಿದ್ದಾರೆ. ನಮ್ಮ ತೋಟ ನೋಡಿಕೊಳ್ಳುವ, ಮನೆ ಒರೆಸುವ ಹೆಚ್ಚಿನವರು ಈ ಊರಿನಲ್ಲಿ ಇರಲಾಗದೆ ಬೆಳಗಿನ ಜಾವ ದೂರದಿಂದ ಬರುತ್ತಾರೆ. ಅವರು ನಮ್ಮ ಅಪ್ಪ ಅಮ್ಮಂದಿರಿಗಿಂತ ಕಡಿಮೆ ದುಡಿಯುವವರಲ್ಲ.

ಗ್ರಂಥಾಲಯದ ಪಕ್ಕದ ಆ ತೋಟದಲ್ಲಿ ಹಳೆಯ ಮರ ಸತ್ತ ಕಡೆ ಹೊಸ ಸಸಿ ನೆಡುತ್ತಾರೆ. ಇಷ್ಟು ಬೆಲೆಯ ನೆಲದಲ್ಲಿ ಏಪ್ರಿಕಾಟ್ ಬೆಳೆಯುವುದು ಯಾವ ಲೆಕ್ಕದಲ್ಲೂ ಗಿಟ್ಟುವ ವ್ಯವಸಾಯವಲ್ಲ. ಊರಿನವರು ಕೂತು ಮಾತಾಡಿ, ಇದಿಷ್ಟು ನೆಲವನ್ನು ಬೇರೆ ಕೊಳಗದಲ್ಲಿ ಅಳೆಯೋಣ ಎಂದು ತೀರ್ಮಾನಿಸಿದ್ದಾರೆ. ಹಾಗೆ ತೀರ್ಮಾನಿಸಲು ಬರುತ್ತದೆ ಎಂದು ಮಕ್ಕಳಿಗೆ ತೋರಿಸಲು ನಾನು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.